ಭೂತಾಯಿಗೆ ಕೆಂಪಂಚು

ಮಂಗಳ ಗ್ರಹದ ಗಾಜಿನ ಚಪ್ಪರದಡಿ ಹೊಸ ಹೊಲ ಬಿತ್ತುವ ಮೊದಲು ಬಿಳಿ ಹತ್ತಿಬಟ್ಟೆಯೊಂದನ್ನು ಎರಡು ತಿಂಗಳು ಮಣ್ಣಲ್ಲಿ ಹೂತಿಡಬೇಕು. ಮಣ್ಣಿಗೆ ಜೀವ ಬಂದಿದ್ದರೆ ಬಟ್ಟೆಯನ್ನು ತಿಂದು ಮುಗಿಸಿರುತ್ತದೆ. ಬಟ್ಟೆ ಹಾಗೇ ಉಳಿದರೆ ಹೊಲಕ್ಕೆ ಬೀಗ ಬೀಳುತ್ತದೆ.

ಮೂರು ವರ್ಷ ಸೊಪ್ಪು, ಸಗಣಿ ಉಣಿಸಿ ಹೊಲವನ್ನು ಸಾಕಿದ ದ್ಯಾಮವ್ವ ಬದುವಿನ ಮೇಲೆ ಕಾದು ನಿಂತಿದ್ದಳು. ಪರೀಕ್ಷೆಗೆ ಬಂದ ರೇಶ್ಮಾ ಸಲಿಕೆ ಹಾಕಿದಳೋ ಇಲ್ಲವೋ, ಕೆಂಪು ಬಟ್ಟೆ ಮಿರಮಿರ ಮಿಂಚಿತು.

"ಹಂಗೇ ಐತಲ್ರೀ ದ್ಯಾಮವ್ವಾರ!" ರೇಶ್ಮಾಳ ಮುಖ ಸಪ್ಪಗಾಯಿತು. "ಅಲ್ರೀ, ಬಿಳಿ ಬಟ್ಟಿಗೆ ಈ ಕೆಂಪು ಎಲ್ಲಿಂದ ಬಂತು?"

"ನಾನ ಅಂಚು ಹಚ್ಚೀನವ್ವಾ, ನೈಲಾನಂದು. ಮುತ್ತೈದಿ ತಾಯಿಗೆ ಬರೇ ಬಿಳಿ ಬಟ್ಟಿ ಉಡಸ್ತಾರೇನು?"

"ನೈಲಾನಾ?"

ರೇಶ್ಮಾ ಜಗ್ಗಿದಳು. ಮಾರುದ್ದದ ಅಂಚು ಲಾಡಿಯಂತೆ ಕೈಗೆ ಬಂತು. ಹತ್ತಿಯ ಒಂದೆಳೆಯೂ ಉಳಿದಿರಲಿಲ್ಲ. ತುದಿಯಲ್ಲಿ ಕೊಬ್ಬಿದ ಎರೆಹುಳುವೊಂದು ಜೋತಾಡುತ್ತಿತ್ತು.

"ಬಿತ್ರೀ ಇನ್ನ!" ರೇಶ್ಮಾ ಬಿದ್ದು ಬಿದ್ದು ನಕ್ಕಳು. "ಮುಂದಿನ ಸಲ ಮಾತ್ರ ಬರೇ ಬಿಳೀದು ಹೂಳ್ರೀ."

ದ್ಯಾಮವ್ವ ಹುಳುವನ್ನು ಮೆಲ್ಲಗೆ ಮಣ್ಣಿಗೆ ಬಿಟ್ಟು ಕೈಮುಗಿದಳು. ಆಮೇಲೆ ಅಂಚನ್ನು ಜಾಡಿಸಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಗಟ್ಟಿ ಐತಿ. ತೊಳದಿಡ್ತೀನಿ. ಬಾಜೂ ಹೊಲದ ಭೂಮೀನೂ ತಾಯೀನ ಅಲ್ಲೇನು?"