ಬಿಳಿ ಉಕ್ಕಿನ ಹದ

ಸಾಣೆಕಲ್ಲಿನ ಮೇಲೆ ಚಾಕುವಿನ ಬಾಯಿ ಮತ್ತೆ ಹಲ್ಲುಹಲ್ಲಾಗಿ ಉದುರಿತು. ತೊಕುಜಿ ಅದನ್ನು ಪಕ್ಕಕ್ಕಿಟ್ಟ. ಕಮ್ಮಾರ ಇಸಾಮು ಬಡಿದದ್ದಕ್ಕೆ ತೊಕುಜಿ ಸಾಣೆ ಹಿಡಿಯಬೇಕು. ಚಾಕುಗಳಿಗೆ ಹೆಸರಾದ ಸಕಾಯ್ ಊರಿನಲ್ಲಿ ಕೆಲಸ ಹಂಚಿಕೊಂಡಿರುವುದೇ ಹಾಗೆ. ಇಷ್ಟು ವರ್ಷ ಇಸಾಮುವಿನ ಉಕ್ಕು ಎಂದೂ ಕೈ ಕೊಟ್ಟಿರಲಿಲ್ಲ. ಈ ಚಳಿಗಾಲದಲ್ಲಿ ಮಾತ್ರ ಒಂದಾದ ಮೇಲೊಂದು.

ಕಾರಣ ತೊಕುಜಿಗೆ ಗೊತ್ತಿತ್ತು. ಇಸಾಮು ಬಳಸುವ ಬಿಳಿ ಉಕ್ಕೆಂಬ ಜಾತಿಗೆ ಮೂಗಿನ ತುದಿಯಲ್ಲೇ ಕೋಪ. ಕಾಯಿಸುವಾಗ ಕೆಂಪು ಒಂದಿಷ್ಟು ಏರಿದರೆ ಸಾಕು, ಹದ ಕೆಟ್ಟಿತು. ಆ ಕೆಂಪನ್ನು ಕಣ್ಣಿನಿಂದಲೇ ಅಳೆಯಬೇಕು. ಇಸಾಮುವಿಗೆ ಎಪ್ಪತ್ತು ದಾಟಿತ್ತು. ಅಣ್ಣನೆಂದೇ ಕರೆಯುತ್ತ ಬಂದವನಿಗೆ ಇದನ್ನು ಯಾವ ಬಾಯಿಂದ ಹೇಳುವುದು? ಸಂಕಟ ತಡೆಯಲಾರದೆ ತೊಕುಜಿ ಒಂದು ಚೀಲ ಕಿತ್ತಳೆಯನ್ನೂ ಒಂದು ಸುಳ್ಳನ್ನೂ ಹಿಡಿದುಕೊಂಡು ಕುಲುಮೆಗೆ ಹೋದ.

"ಅಣ್ಣಾ, ಇನ್ಮೇಲೆ ನೀಲಿ ಉಕ್ಕಲ್ಲೇ ಬಡಿ. ಅಡುಗೆಯವರೆಲ್ಲ ಅದನ್ನೇ ಕೇಳ್ತಿದಾರೆ."

"ನೀಲೀನಾ? ಬಡಿಯೋಕೂ ಮೊಂಡು, ಸಾಣೆಗೂ ಮೊಂಡು. ಅದನ್ನ ಕಂಡ್ರೆ ಮುಖ ಗಂಟು ಹಾಕ್ಕೊಳ್ತಿದ್ದೋನು ನೀನೇ ಅಲ್ವೇನೋ?"

"ಹರಿತ ಬಹಳ ದಿನ ನಿಲ್ಲುತ್ತಲ್ಲ. ಬಿಳೀದಾದ್ರೆ ದಿನಾ ಮಸೀಬೇಕು. ಈಗಿನ ಹುಡುಗರಿಗೆ ತಾಳ್ಮೆ ಎಲ್ಲಿದೆ?"

"ಮೀನು ಕೊಯ್ದಾಗ ಆ ನುಣುಪು ಬರಲ್ಲ ಅಂತ ಹೇಳಲಿಲ್ವಾ?"

"ಹೇಳ್ದೆ. ಕೇಳ್ಬೇಕಲ್ಲ."

ಇಸಾಮು ಒಂದು ಕಿತ್ತಳೆ ಸುಲಿದ. ಸಿಪ್ಪೆ ಪೂರ್ತಿ ಹೋಯಿತೋ ಇಲ್ಲವೋ ಎಂದು ಹೆಬ್ಬೆರಳಿನಿಂದ ತಡವಿ ನೋಡಿದ. "ನೀಲೀದು ಇನ್ನೊಂದು ಗುಣ ಇದೆ. ಅದನ್ನ ನೀನು ಹೇಳಲಿಲ್ಲ," ಎಂದ. "ಬೆಂಕಿ ಚೂರು ಹೆಚ್ಚುಕಮ್ಮಿ ಆದ್ರೂ ಕ್ಷಮಿಸುತ್ತೆ."

ತೊಕುಜಿ ನೆಲಕ್ಕೆ ಬಿದ್ದ ಸಿಪ್ಪೆಗಳನ್ನು ಆರಿಸತೊಡಗಿದ.

"ಎಷ್ಟು ಚಾಕು ಹಾಳಾದ್ವೋ?" ಇಸಾಮು ಕೇಳಿದ.

"ಒಂದೋ ಎರಡೋ, ಅಣ್ಣಾ. ನನ್ನ ಕೈಯೂ ಮೊದಲಿನ ಹಾಗಿಲ್ಲ."

"ನಿನ್ನ ಕೈಗೇನು ಧಾಡಿ? ನೆಟ್ಟಗೆ ಒಂದು ಸುಳ್ಳು ಹೇಳೋಕೂ ಬರಲ್ಲ ನಿಂಗೆ." ಇಸಾಮು ನಗಲು ನೋಡಿದ, ಆಗಲಿಲ್ಲ. "ಉಕ್ಕಿನ ಹತ್ರ ಕ್ಷಮೆ ಕೇಳ್ಕೊಂಡು ಬಡಿಯೋದು ನನ್ನಿಂದಾಗಲ್ಲ ಕಣೋ."

ಬೆಂಕಿಯ ಬಣ್ಣ ಸರಿಯಾಗಿ ಕಾಣಲೆಂದು ಇಸಾಮುವಿನ ಅಪ್ಪ ಕುಲುಮೆಯ ಕಿಟಕಿಗೆ ಕರಿ ಬಟ್ಟೆ ಕಟ್ಟಿದ್ದ. ಅಂದಿನಿಂದ ಅದನ್ನು ಯಾರೂ ಸರಿಸಿರಲಿಲ್ಲ. ಇಸಾಮು ಗೋಡೆ ಹಿಡಿದುಕೊಂಡು ಅಲ್ಲಿಗೆ ಹೋಗಿ, ಗಂಟು ಹುಡುಕಿ ಬಿಚ್ಚಿದ. ಮಧ್ಯಾಹ್ನದ ಬಿಸಿಲು ಸುತ್ತಿಗೆಗಳ ಮೇಲೆ, ಆರಿದ ಇದ್ದಿಲಿನ ಮೇಲೆ ಬಿತ್ತು.

"ಬಾ, ಬಿಸಿಲಲ್ಲಿ ಕೂತ್ಕೊಂಡು ಹಣ್ಣು ತಿನ್ನು," ಎಂದ. "ಇನ್ನು ಇಲ್ಲಿ ಕತ್ತಲೆ ಯಾಕೆ?"