ಎದೆಗೆ ಹಿಡಿಯದ ಫಲಕ

ಸೇವಾಸಂಸ್ಥೆ ಕೊಟ್ಟ ಅಕ್ಕಿ, ಬೇಳೆ ಪಡೆದ ಹೆಂಗಸರು ಫೋಟೊಕ್ಕೆ ಸಾಲಾಗಿ ನಿಂತರು. ವ್ಯವಸ್ಥಾಪಕರು ಒಬ್ಬೊಬ್ಬರ ಕೈಗೂ ಒಂದೊಂದು ಫಲಕ ಕೊಟ್ಟರು. ದ್ಯಾಮವ್ವ ಮಾತ್ರ ತನ್ನದನ್ನು ಎದೆಗೆ ಹಿಡಿಯದೆ ಕಣ್ಣೆದುರು ಹಿಡಿದಳು.

“ಹಂಗಲ್ಲವ್ವಾ, ಅಕ್ಷರ ಕ್ಯಾಮೆರಾ ಕಡೆ ಇರ್ಲಿ,” ಎಂದರು ಅವರು.

ಅವಳು ಬೆರಳಿಟ್ಟು, ತಡವರಿಸುತ್ತ, ಎಲ್ಲರಿಗೂ ಕೇಳುವಂತೆ ಓದಿದಳು: “ನಾನು ದಿಕ್ಕಿಲ್ಲದವಳು. ದಾನಿಗಳ ದಯೆಯಿಂದ ನನ್ನ ಮಕ್ಕಳು ಬದುಕಿದ್ದಾರೆ.”

ಸಾಲಿನಲ್ಲಿ ಗುಸುಗುಸು ಎದ್ದಿತು. ಒಬ್ಬೊಬ್ಬರೇ ತಮ್ಮ ಫಲಕ ತಿರುಗಿಸಿ ನೋಡಿಕೊಂಡರು.

“ಗಾರೆ ಹೊತ್ತು ಮಕ್ಕಳ್ನ ಸಾಕಾಕಿ ನಾನ್ರೀ. ಇದನ್ನ ಹಿಡ್ಯಾಂಗಿಲ್ಲ,” ಎಂದು ದ್ಯಾಮವ್ವ ಫಲಕವನ್ನು ವ್ಯವಸ್ಥಾಪಕರ ಕೈಗೇ ಕೊಟ್ಟಳು.

“ಅಕ್ಕಿ ಬ್ಯಾಡೇನು? ಇಷ್ಟು ಸೊಕ್ಕು ಯಾರು ಕಲ್ಸಿದ್ರು ನಿನಗ?”

“ನಿಮ್ಮ ಸಂಸ್ಥೆದ ಸಂಜೀ ಸಾಲಿ ಮಾಸ್ತರರೀ. ಓದಾಕ ಕಲ್ಸುವಾಗ ‘ಯಾರು ಏನೇ ಕೊಟ್ರೂ ಮೊದ್ಲು ಓದಿ ನೋಡು’ ಅಂದಿದ್ರು.”