ಸಮುದ್ರದ ಅಳತೆ

ಅಮ್ಮ ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆದು ಸಮುದ್ರದ ಮೇಲೆ ಹಾಸಿದಳು. ಬಟ್ಟೆ ಕತ್ತರಿಸುವ ಮೇಜಿನ ತುಂಬ ಮಗಳ ಭೂಪಟ ಹರಡಿತ್ತು. ಫ್ಯಾನಿನ ಗಾಳಿಗೆ ಅದರ ನೀಲಿಯೆಲ್ಲ ಮೆಲ್ಲಗೆ ಉಸಿರಾಡುತ್ತಿತ್ತು. ಇಂಟರ್ನ್‌ಶಿಪ್ಪಿಗೆ ಯಾವ ದೇಶವೆಂದು ಸಂಜೆಯೊಳಗೆ ಕಾಲೇಜಿಗೆ ತಿಳಿಸಬೇಕಿತ್ತು.

"ಥಾಯ್ಲೆಂಡ್ ಐದಿಂಚು, ಇಂಡೋನೇಷ್ಯಾ ಏಳು. ಹತ್ತಿರದ್ದೇ ಬರಿಯೇ. ಜ್ವರಗಿರ ಬಂತು ಅಂದ್ರೆ ಐದಿಂಚು ಹೇಗೋ ಓಡಿ ಬಂದೇನು. ಏಳಿಂಚು ನನ್ನ ಕೈಲಾಗಲ್ಲ."

"ಥಾಯ್ಲೆಂಡಲ್ಲಿ ಬರೀ ಲ್ಯಾಬ್ ಕೆಲಸ ಕಣಮ್ಮ. ಇಂಡೋನೇಷ್ಯಾದಲ್ಲಾದ್ರೆ ನೀರಿಗಿಳಿದು ಹವಳ ನೋಡ್ಬಹುದು." ಎಳ್ಳುಕಾಳಿನಷ್ಟಿದ್ದ ಒಂದು ದ್ವೀಪದಿಂದ ಮಗಳ ಬೆರಳು ಕದಲಲಿಲ್ಲ. ಅವಳ ಕಣ್ಣು ಆಗಲೇ ನೀರಿನಡಿಯಲ್ಲೆಲ್ಲೋ ತೇಲುತ್ತಿತ್ತು.

ಅಮ್ಮ ಆ ಬೆರಳನ್ನೇ ನೋಡುತ್ತ ನಿಂತಳು. ಪಕ್ಕದಲ್ಲಿ ಅವಳು ಹೊಲಿದಿಟ್ಟ ಶಾಲೆಯ ಯೂನಿಫಾರ್ಮುಗಳ ರಾಶಿಯಿತ್ತು. ಮಕ್ಕಳು ಉದ್ದವಾದಾಗ ಬಿಚ್ಚಿಕೊಳ್ಳಲೆಂದು ಪ್ರತಿಯೊಂದರ ಅಂಚಿನಲ್ಲೂ ಅವಳು ಬಟ್ಟೆಯನ್ನು ಒಳಕ್ಕೆ ಮಡಚಿದ್ದಳು. ಅದರ ಮೇಲೊಮ್ಮೆ ಕೈಯಾಡಿಸಿ, ಸೀಮೆಸುಣ್ಣ ಎತ್ತಿಕೊಂಡು ದ್ವೀಪದ ಸುತ್ತ ಬಿಳಿ ಗುರುತು ಹಾಕಿದಳು.

"ಬೆಳೆಯೋ ಮಕ್ಕಳಿಗೆ ಎರಡಿಂಚು ಜಾಸ್ತೀನೇ ಬಿಡ್ಬೇಕಲ್ವೇನೇ," ಎಂದಳು. "ಹೋಗಿ ಬಾ."